ಆಷಾಢದ ಒಂಬತ್ತು ದಿನ: ಮೈಸೂರಿನ ಪುಟ್ಟ ವಿನ್ಯಾಸ ಸ್ಟುಡಿಯೋ ಒಂದು ರಜೆಗೆ ಸಜ್ಜಾದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯೊಂದರ ಮಹಡಿಯಲ್ಲಿ ನಡೆಯುವ ವಿನ್ಯಾಸ ಸ್ಟುಡಿಯೋ 2025ರ ಜುಲೈ 5ರ ಶನಿವಾರದಿಂದ 13ರ ಭಾನುವಾರದವರೆಗೆ ಪೂರ್ತಿ ಬಾಗಿಲು ಹಾಕಿತು. ಅಲ್ಲಿ ಇರುವವರು ಮೂವರು: ವಿನ್ಯಾಸವನ್ನೂ ಗಿರಾಕಿಗಳನ್ನೂ ನೋಡಿಕೊಳ್ಳುವ ಒಡತಿ, ಮೇಲುಕೋಟೆ ಕಡೆಯಿಂದ ಬಂದು ಮೈಸೂರಿನಲ್ಲೇ ಕೋಣೆ ಮಾಡಿಕೊಂಡಿರುವ ಕಿರಿಯ ವಿನ್ಯಾಸಕ, ಹಾಗೂ ಬಿಲ್ಲು, ಫೋನು, ಪ್ರೆಸ್ಸಿನ ಓಡಾಟ ನಿಭಾಯಿಸುವ ಸಹಾಯಕಿ. ನಾನು ಅವರ ಲೆಕ್ಕಪತ್ರ ಬರೆಯುವವನು. ತಿಂಗಳಿಗೆ ಎರಡು ಸಲ ಹೋಗಿ ಕೂರುತ್ತೇನೆ. ರಜೆಯ ಸಿದ್ಧತೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಜೊತೆಗಿದ್ದುದರಿಂದ, ಅಲ್ಲಿ ನಡೆದದ್ದನ್ನು, ತಪ್ಪಿದ್ದನ್ನೂ ಬಿಡದೆ, ಇಲ್ಲಿ ದಾಖಲಿಸುತ್ತಿದ್ದೇನೆ. ಗಿರಾಕಿಗಳ ಮತ್ತು ಪ್ರೆಸ್ಸಿನವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಹಿಂದಿನ ವರ್ಷದ ಕಥೆ

ಈ ಪ್ರಕರಣದ ಬೇರು 2024ರ ದೀಪಾವಳಿಯಲ್ಲಿದೆ. ಆ ವರ್ಷ ಅಕ್ಟೋಬರ್ 31ರಂದು ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ, ನವೆಂಬರ್ 2ರಂದು ಬಲಿಪಾಡ್ಯಮಿ, ಅದರ ಮರುದಿನ ಭಾನುವಾರ. ಹೀಗೆ ರಜೆಗಳು ಸಾಲಾಗಿ ಬಂದದ್ದನ್ನು ಕಂಡು ಒಡತಿ ಅದಕ್ಕೆ ಇನ್ನೆರಡು ದಿನ ಸೇರಿಸಿಕೊಂಡು ತೀರ್ಥಹಳ್ಳಿ ಹತ್ತಿರದ ತವರಿಗೆ ಹೋದರು. ಹೊರಡುವ ಹಿಂದಿನ ರಾತ್ರಿ ಹನ್ನೊಂದರವರೆಗೂ ಕೂತು ಕೈಯಲ್ಲಿದ್ದ ಕೆಲಸಗಳನ್ನೆಲ್ಲ ಮುಗಿಸಿ ಪ್ರೆಸ್ಸಿಗೆ ಕಳಿಸಿದ್ದರು. ಕೆಲಸ ಮುಗಿಸಿದರೆ ರಜೆ ಸಿಕ್ಕಂತೆಯೇ ಎಂದು ಅವರು ನಂಬಿದ್ದರು, ನಾನೂ ನಂಬಿದ್ದೆ.

ನವೆಂಬರ್ 4ರ ಸೋಮವಾರ ಬೆಳಿಗ್ಗೆ ಪ್ರೆಸ್ಸಿನಿಂದ ಫೋನು ಬಂತು. ಮನೆಯೊಳಗೆ ನೆಟ್‌ವರ್ಕ್ ನಿಲ್ಲುವುದಿಲ್ಲವಾದ್ದರಿಂದ ಅಡಿಕೆ ತೋಟದ ಮೇಲಿನ ದಿಬ್ಬ ಹತ್ತಿ, ಒಂದು ಕೈಯಲ್ಲಿ ಛತ್ರಿ, ಕಂಕುಳಲ್ಲಿ ಲ್ಯಾಪ್‌ಟಾಪ್ ಹಿಡಿದು ಮಾತನಾಡಿದ್ದನ್ನು ಅವರು ಈಗ ನಗುತ್ತಾ ಹೇಳುತ್ತಾರೆ. ಅತ್ತ ಕಡೆಯ ಪ್ರಶ್ನೆ ಇಷ್ಟು: “ಮೇಡಂ, ನಿಮ್ಮ ಲಗ್ನಪತ್ರಿಕೆ ಫೈಲ್ ತೆಗೆದ್ರೆ ಒತ್ತಕ್ಷರ ಎಲ್ಲಾ ಪಕ್ಕಕ್ಕೆ ಬಂದು ಕೂತಿದೆ. ‘ಜ್ಞಾ’ ಇರೋ ಕಡೆ ಏನೋ ಚಿಹ್ನೆ ಬಂದಿದೆ. ಪ್ಲೇಟ್ ಹಾಕ್ಲಾ, ಬೇಡ್ವಾ?” ಕನ್ನಡ ಅಕ್ಷರ ಜೋಡಿಸುವವರಿಗೆಲ್ಲ ಈ ರೋಗ ಗೊತ್ತು. ಸ್ಟುಡಿಯೋದಲ್ಲಿ ಬಳಸಿದ ಫಾಂಟು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರಿಯ ಆಕಾರಗಳಿಗೆ, ಬದಲಾಯಿಸದೆ ಕಡತ ಕಳಿಸಲಾಗಿತ್ತು. ಸ್ಟುಡಿಯೋದಲ್ಲಿದ್ದ ಹುಡುಗನಿಗೆ ಅದನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ. ಆದರೆ ಒಂದೇ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಅಮ್ಮ ಹೇಳಿದ್ದು’ ಎಂಬ ಮೂರು ಕಡತಗಳಿದ್ದವು. ಮದುಮಗಳ ತಾಯಿ ಒಪ್ಪಿದ್ದು ಯಾವುದನ್ನು ಎಂಬುದು ಒಡತಿಗೆ ಮಾತ್ರ ಗೊತ್ತಿತ್ತು.

ಮೈಸೂರಿಗೆ ಮರಳಿದ ಮೇಲೆ, ಸಿಟ್ಟು ತಣಿದ ನಂತರ, ನಾವು ಮಾಡಿದ ಒಂದು ಕೆಲಸ ಮುಂದಿನದಕ್ಕೆಲ್ಲ ದಾರಿ ತೋರಿಸಿತು. ಅವರ ಫೋನಿನಲ್ಲಿ ಆ ದಿನಗಳ ಕರೆಗಳ ಪಟ್ಟಿ ತೆಗೆದು, ಒಂದೊಂದರ ಮುಂದೆಯೂ ಅದು ಯಾತಕ್ಕೆ ಬಂತು ಎಂದು ಬರೆದೆವು. ವ್ಯವಹಾರದ ಕರೆಗಳು 27 ಇದ್ದವು. ಅದರಲ್ಲಿ 11 ‘ಯಾವ ಕಡತ ಸರಿ’ ಎಂದು ಕೇಳಲು, 6 ‘ಯಾವಾಗ ಸಿಗುತ್ತದೆ’ ಎಂದು ಕೇಳಲು, 5 ಹಣದ ವಿಷಯಕ್ಕೆ, 3 ಪಾಸ್‌ವರ್ಡ್ ಅಥವಾ ಒಟಿಪಿಗೆ ಬಂದಿದ್ದವು. ಹೊಸ ಕೆಲಸಕ್ಕಾಗಿ ಬಂದದ್ದು ಬರೀ ಎರಡು. ಅವರ ರಜೆ ಕೆಡಿಸಿದ 27ರಲ್ಲಿ 25 ಕರೆಗಳಿಗೆ ಬೇಕಿದ್ದುದು, ಅವರ ತಲೆಯಲ್ಲಿದ್ದು ಬೇರೆಲ್ಲೂ ಬರೆದಿಡದ ಒಂದು ಸಣ್ಣ ಉತ್ತರ. ಹೀಗಾಗಿ ರಜೆಗೆ ಮುನ್ನ ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿದ್ದರಿಂದ ಆದ ಉಪಯೋಗ ಅಷ್ಟಕ್ಕಷ್ಟೆ. ಆ ಉತ್ತರಗಳನ್ನು ಹೊರಗೆ ತಂದು ಇಡಬೇಕಿತ್ತು.

ಯಾವ ತಿಂಗಳು

ಮೈಸೂರಿನಲ್ಲಿ ವಿನ್ಯಾಸದ ಕೆಲಸ ಪಂಚಾಂಗದ ಹಿಂದೆ ಹಿಂದೆಯೇ ನಡೆಯುತ್ತದೆ. ಸಂಕ್ರಾಂತಿ ಕಳೆದರೆ ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ ಶುರುವಾಗಿ ಬೇಸಿಗೆ ಮುಗಿಯುವವರೆಗೂ ಬಿಡುವಿರುವುದಿಲ್ಲ. ಮಾರ್ಚ್ ಬಂದರೆ ಆರ್ಥಿಕ ವರ್ಷ ಮುಗಿಯುವ ಮೊದಲು ಉಳಿದ ಹಣ ಖರ್ಚು ಮಾಡಬೇಕೆನ್ನುವ ಸಂಸ್ಥೆಗಳು ಕೈಪಿಡಿ, ವರದಿ ಎಂದು ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗಳ ದಾಖಲಾತಿ ಕರಪತ್ರ, ಜೂನ್‌ನಲ್ಲಿ ಶಾಲಾ ಡೈರಿ. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿ, ಗಣೇಶ. ಪಿತೃಪಕ್ಷದಲ್ಲಿ ಶುಭಕಾರ್ಯ ನಿಂತರೂ ವಿನ್ಯಾಸಕರ ಕೈ ನಿಲ್ಲುವುದಿಲ್ಲ, ಏಕೆಂದರೆ ಎದುರಿಗೇ ದಸರಾ ಇರುತ್ತದೆ. ಹೋಟೆಲು, ಹೋಂಸ್ಟೇ, ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದ ಮಳಿಗೆಗಳಿಗೆ ಬೇಕಾದ ಫಲಕ, ದರಪಟ್ಟಿ ಎಲ್ಲ ಆಗಲೇ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಆರಿಸುವುದೇ ಈ ಊರಿನ ವಿನ್ಯಾಸಕರಿಗೆ ಆ ಋತುವಿನಲ್ಲಿ ಸಿಗುವ ವಿಶ್ರಾಂತಿ. ಕಾರ್ತಿಕದಲ್ಲಿ ಮತ್ತೆ ಮದುವೆ, ಜೊತೆಗೆ ಹೊಸ ವರ್ಷದ ಕ್ಯಾಲೆಂಡರು. ಧನುರ್ಮಾಸದಲ್ಲಿ ಮದುವೆ ಇಲ್ಲವೆಂದು ಹೊರಗಿನವರು ಅಂದುಕೊಳ್ಳಬಹುದು, ಆದರೆ ಡಿಸೆಂಬರ್‌ನಲ್ಲಿ ಕ್ಯಾಲೆಂಡರು, ಡೈರಿಗಳ ಒತ್ತಡಕ್ಕೆ ಪ್ರೆಸ್ಸುಗಳು ರಾತ್ರಿ ಪಾಳಿ ನಡೆಸುತ್ತವೆ.

ಉಳಿದದ್ದು ಆಷಾಢ. ಹಳೆ ಮೈಸೂರಿನಲ್ಲಿ ಆಷಾಢಕ್ಕೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶುಕ್ರವಾರಗಳಲ್ಲಿ ಊರಿನ ಗಮನವೆಲ್ಲ ಚಾಮುಂಡಿ ಬೆಟ್ಟದ ಮೇಲೆ. ಬಟ್ಟೆ ಅಂಗಡಿಗಳ ಆಷಾಢ ರಿಯಾಯಿತಿ ಮಾರಾಟದ ಕರಪತ್ರಗಳು ಮಾಸ ಹುಟ್ಟುವ ಮೊದಲೇ ಅಚ್ಚಾಗಿರುತ್ತವೆ. 2025ರಲ್ಲಿ ಆಷಾಢ ಜೂನ್ 26ರಿಂದ ಜುಲೈ 24ರ ಭೀಮನ ಅಮಾವಾಸ್ಯೆಯವರೆಗೆ ಇತ್ತು. ಮೊದಲ ವಾರ ರಿಯಾಯಿತಿ ಮಾರಾಟದ ಬಾಲಂಗೋಚಿ ಕೆಲಸಗಳಿರುತ್ತವೆ, ಕೊನೆಯ ವಾರ ಶ್ರಾವಣದ ಮದುವೆಗಳ ಪತ್ರಿಕೆ ಶುರುವಾಗುತ್ತದೆ. ಆದ್ದರಿಂದ ನಡುವಿನ ಒಂಬತ್ತು ದಿನ ಗೊತ್ತಾಯಿತು. “ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಹೋಗ್ತಾಳೆ, ನಾನು ಹದಿನಾರು ವರ್ಷ ಆದ್ಮೇಲೆ ಹೋಗ್ತಿದ್ದೀನಿ” ಎಂದು ಒಡತಿ ನಕ್ಕರು.

ಲೆಕ್ಕ ಬರೆಯುವವನಾಗಿ ನನಗೆ ಇದರಲ್ಲಿ ಒಂದು ಅಳುಕಿತ್ತು. ಕೆಲಸ ಕಡಿಮೆ ಇರುವ ತಿಂಗಳೆಂದರೆ ಹಣದ ಬರವೂ ಕಡಿಮೆ ಇರುವ ತಿಂಗಳು, ಬಾಡಿಗೆ ಮತ್ತು ಸಂಬಳ ಮಾತ್ರ ನಿಲ್ಲುವುದಿಲ್ಲ. ಸ್ಟುಡಿಯೋ ಶನಿವಾರವೂ ತೆರೆದಿರುವುದರಿಂದ ಈ ರಜೆ ಏಳು ಕೆಲಸದ ದಿನಗಳನ್ನು ನುಂಗುತ್ತಿತ್ತು. ಅದಕ್ಕಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಬಂದ ಪ್ರತಿ ಹಣದಲ್ಲೂ ನೂರಕ್ಕೆ 6 ರೂಪಾಯಿಯಂತೆ ಬೇರೆ ಖಾತೆಗೆ ಹಾಕಿಸಿದೆ. ಇಬ್ಬರು ನೌಕರರ ಈ ದಿನಗಳನ್ನು ಅವರ ಗಳಿಕೆ ರಜೆಯಲ್ಲಿ ಕಳೆಯಬೇಕೇ ಎಂಬ ಮಾತೂ ಬಂತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ 20 ದಿನ ಕೆಲಸಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ನೌಕರರ ಹಕ್ಕು. ಮಾಲೀಕರು ತಮ್ಮ ಅನುಕೂಲಕ್ಕೆ ಬಾಗಿಲು ಹಾಕಿ ಅದನ್ನು ಅವರ ಲೆಕ್ಕದಿಂದ ಮುರಿದುಕೊಳ್ಳುವುದು ನ್ಯಾಯವಲ್ಲ ಎಂದು ಒಡತಿಯೇ ಆ ಮಾತನ್ನು ಅಲ್ಲಿಗೆ ನಿಲ್ಲಿಸಿದರು.

ಗಿರಾಕಿಗಳಿಗೆ ಹೇಳಿದ್ದು

ಮೇ 19ರಂದು, ಅಂದರೆ ಸುಮಾರು ಏಳು ವಾರ ಮೊದಲು, ಎಲ್ಲ ಗಿರಾಕಿಗಳಿಗೂ ಒಂದು ಸಂದೇಶ ಹೋಯಿತು. ಮೊದಲ ಕರಡಿನಲ್ಲಿ ‘ಜೂನ್ 28ರೊಳಗೆ ಕೆಲಸ ಕೊಡಿ’ ಎಂದಿತ್ತು. ಅದನ್ನು ತಿದ್ದಬೇಕಾಯಿತು. ಕೊಟ್ಟ ದಿನಕ್ಕೂ ಅಚ್ಚಿಗೆ ಹೋಗುವ ದಿನಕ್ಕೂ ನಡುವೆ ಗಿರಾಕಿಯ ಮನೆಯವರು, ಪಾಲುದಾರರು, ಕೆಲವೊಮ್ಮೆ ಪುರೋಹಿತರೂ ಬರುತ್ತಾರೆ; ಅಷ್ಟೂ ಜನರ ತಿದ್ದುಪಡಿ ಮುಗಿಯುವ ದಿನ ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ಗಡುವನ್ನು ಒಪ್ಪಿಗೆಗೆ ಕಟ್ಟಿದೆವು. ಕೊನೆಗೆ ಹೋದ ಸಂದೇಶ ಹೀಗಿತ್ತು:

“ಜುಲೈ 5ರಿಂದ 13ರವರೆಗೆ ನಮ್ಮ ಸ್ಟುಡಿಯೋಗೆ ರಜೆ. ಆ ದಿನಗಳ ಒಳಗೆ ನಿಮಗೆ ಅಚ್ಚಾದ ಪ್ರತಿಗಳು ಬೇಕಿದ್ದರೆ ಜೂನ್ 16ರೊಳಗೆ ವಿಷಯವನ್ನು ಕೊಟ್ಟು, ಜೂನ್ 28ರೊಳಗೆ ಕೊನೆಯ ಪ್ರೂಫಿಗೆ ಸಹಿ ಹಾಕಿಕೊಡಬೇಕಾಗಿ ವಿನಂತಿ. 28ರ ನಂತರ ಸಹಿಯಾದ ಕೆಲಸ ಜುಲೈ 15ರಿಂದ ಪ್ರೆಸ್ಸಿಗೆ ಹೋಗುತ್ತದೆ.”

ಜೂನ್ 28ನ್ನು ಪ್ರೆಸ್ಸಿನವರನ್ನು ಕೇಳಿಯೇ ಗೊತ್ತು ಮಾಡಿದ್ದು. ಬಣ್ಣದ ಲೇಬಲ್ ಎಂದರೆ ಪ್ಲೇಟು (ಅಚ್ಚಿನ ತಗಡು), ಅಚ್ಚು, ಶಾಯಿ ಒಣಗುವುದು, ಲ್ಯಾಮಿನೇಷನ್, ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಎಲ್ಲ ಸೇರಿ ಆರೇಳು ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಒಣಗುವುದಕ್ಕೆ ಇನ್ನೂ ಒಂದು ದಿನ ಹೆಚ್ಚು. ಸಂದೇಶ ತಲುಪಿದ ಮೇಲೆ ಹೆಚ್ಚಿನವರು ‘ಆಗಲಿ’ ಎಂದರು. ಬಟ್ಟೆ ಅಂಗಡಿಯ ಹಿರಿಯರೊಬ್ಬರು ಮಾತ್ರ “ಅಂಗಡಿ ಬಾಗಿಲು ಒಂಬತ್ತು ದಿನ ಹಾಕೋದಾ? ಲಕ್ಷ್ಮಿ ಮುನಿಸಿಕೊಳ್ಳಲ್ವೇನಮ್ಮಾ?” ಎಂದು ಕೇಳಿದರಂತೆ. ಅವರೇ ಜೂನ್ 20ರೊಳಗೆ ತಮ್ಮ ಎಲ್ಲ ಕೆಲಸಕ್ಕೂ ಸಹಿ ಹಾಕಿ ಕಳಿಸಿದರು.

ಕಡತಗಳನ್ನು ಒಪ್ಪ ಮಾಡಿದ್ದು

ಸಿದ್ಧತೆಯಲ್ಲಿ ಅತಿ ಹೆಚ್ಚು ಸಮಯ ತಿಂದದ್ದು, ಮತ್ತು ಅತಿ ಹೆಚ್ಚು ಫಲ ಕೊಟ್ಟದ್ದು, ಕಡತಗಳ ವ್ಯವಸ್ಥೆ. ಪ್ರತಿ ಕೆಲಸಕ್ಕೂ ಒಂದೇ ಫೋಲ್ಡರು, ಅದರೊಳಗೆ ನಾಲ್ಕೇ ವಸ್ತು ಎಂದು ನಿಯಮ ಮಾಡಿಕೊಂಡರು: ಅಕ್ಷರ ತಿದ್ದಲು ಬರುವ ಮೂಲ ಕಡತ, ಕರ್ವ್ಸ್ ಮಾಡಿದ ಅಚ್ಚಿನ ಕಡತ, ಗಿರಾಕಿ ಸಹಿ ಹಾಕಿದ ಪ್ರೂಫಿನ ಫೋಟೋ, ಬಳಸಿದ ಫಾಂಟುಗಳು. ಉಳಿದ ಪ್ರಯೋಗಗಳೆಲ್ಲ ‘ಹಳೆಯದು’ ಎಂಬ ಒಳಫೋಲ್ಡರಿಗೆ. ಕಡತದ ಹೆಸರಿನಲ್ಲಿ ‘ಫೈನಲ್’ ಎಂಬ ಪದವನ್ನೇ ನಿಷೇಧಿಸಿ, ಸಹಿಯಾದ ದಿನಾಂಕ ಬರೆಯುವುದು ರೂಢಿಯಾಯಿತು. ಸಹಿಯ ದಿನಾಂಕ ಇಲ್ಲದ ಕಡತ ಪ್ರೆಸ್ಸಿಗೆ ಹೋಗುವಂತಿಲ್ಲ.

ಮೂಲ ಕಡತ ಮತ್ತು ಅಚ್ಚಿನ ಕಡತ ಎರಡೂ ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಷರಗಳನ್ನು ಕರ್ವ್ಸ್ ಮಾಡಿದರೆ ಅವು ಬರಿಯ ಚಿತ್ರಗಳಾಗುತ್ತವೆ; ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತಕ್ಷರ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಆಮೇಲೆ ಒಂದು ಕಾಗುಣಿತ ತಪ್ಪು ಕಂಡರೂ ತಿದ್ದಲು ಬರುವುದಿಲ್ಲ. ಕನ್ನಡದಲ್ಲಿ ಈ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು, ಏಕೆಂದರೆ ಯೂನಿಕೋಡ್ ಬರುವ ಮೊದಲಿನ ಪದ್ಧತಿಯ ಫಾಂಟುಗಳಲ್ಲಿ ಜೋಡಿಸಿದ ಪಠ್ಯವನ್ನು ಆ ಫಾಂಟು ಇಲ್ಲದ ಕಡೆ ತೆರೆದರೆ ಅದು ಓದಲಾಗದ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತದೆ. ಕಿರಿಯ ವಿನ್ಯಾಸಕ ಜೂನ್ ತಿಂಗಳ ಮಧ್ಯಾಹ್ನಗಳಲ್ಲಿ ಕೂತು, ನಡೆಯುತ್ತಿದ್ದ 14 ಕೆಲಸಗಳಿಗೂ ಇಂತಹ ಫೋಲ್ಡರು ಮಾಡಿದ. ಪ್ರೆಸ್ಸಿನಲ್ಲಿ ಕೋರೆಲ್‌ಡ್ರಾದ ಹಳೆಯ ಆವೃತ್ತಿ ಇರುವುದರಿಂದ ಅಚ್ಚಿನ ಕಡತವನ್ನು ಆ ಆವೃತ್ತಿಗೇ ಹೊಂದುವಂತೆ ಉಳಿಸಿದ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಲು ಬಿಡುವ ಹೆಚ್ಚಿನ ಅಂಚು) ಇದೆಯೇ, ಚಿತ್ರಗಳ ಬಣ್ಣ ಅಚ್ಚಿನ ನಾಲ್ಕು ಬಣ್ಣಗಳ ಪದ್ಧತಿಯಲ್ಲಿದೆಯೇ ಎಂದು ಒಂದೊಂದನ್ನೂ ನೋಡಿದ. ಮೊದಲು ಇದೆಲ್ಲ ಒಡತಿ ಕಡತ ಕಳಿಸುವ ಗಳಿಗೆಯಲ್ಲಿ ಕಣ್ಣಳತೆಯಲ್ಲೇ ಮಾಡಿಬಿಡುತ್ತಿದ್ದ ಕೆಲಸ.

ಈ ಪಟ್ಟಿ ಮಾಡುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವರೇ ನೋಡಿಕೊಳ್ಳುತ್ತಿದ್ದ ಹೋಂಸ್ಟೇ ಒಂದರ ಜಾಲತಾಣದ ಡೊಮೈನ್ (ವಿಳಾಸದ ಹೆಸರು) ಅವಧಿ ಜುಲೈ 10ಕ್ಕೆ ಮುಗಿಯುವುದರಲ್ಲಿತ್ತು. ಕೂಡಲೇ ನವೀಕರಿಸಿದರು.

ಹಣ ಮತ್ತು ತೆರಿಗೆ

ಜೂನ್ ಮೊದಲ ವಾರದಲ್ಲಿ ಬಾಕಿಗಳ ಪಟ್ಟಿ ತೆಗೆದು, ಮುಗಿದ ಕೆಲಸಕ್ಕೆಲ್ಲ ಬಿಲ್ಲು ಕಳಿಸಿದೆವು. ಸ್ಟುಡಿಯೋ ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಪಡೆದಿರುವುದರಿಂದ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡಮಾಡಿದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಸಾಧ್ಯ ಎಂಬ ಆದಾಯ ತೆರಿಗೆಯ ನಿಯಮ ಬಂದ ಮೇಲಂತೂ ಕಂಪನಿಗಳ ಲೆಕ್ಕದ ವಿಭಾಗದವರು ಈ ಮಾತಿಗೆ ಕಿವಿಗೊಡುತ್ತಾರೆ. ಬಿಲ್ಲಿನ ಅಡಿಯಲ್ಲಿ ನೋಂದಣಿ ಸಂಖ್ಯೆಯನ್ನೂ ಗಡುವನ್ನೂ ಅಚ್ಚು ಹಾಕಿಸಿದೆ. ಐದು ದೊಡ್ಡ ಬಾಕಿಗಳಲ್ಲಿ ನಾಲ್ಕು ರಜೆಗೆ ಮುನ್ನ ಬಂದವು.

ಜಿಎಸ್‌ಟಿ ವಿಷಯದಲ್ಲಿ ರಜೆಯ ದಿನಾಂಕ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತಿತ್ತು. ಸ್ಟುಡಿಯೋ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಪದ್ಧತಿಯಲ್ಲಿದೆ. ಏಪ್ರಿಲ್–ಜೂನ್ ತ್ರೈಮಾಸಿಕದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಜುಲೈ 13 ಕೊನೆಯ ದಿನ, ಅಂದರೆ ರಜೆಯ ಕೊನೆಯ ಭಾನುವಾರವೇ. ಜೂನ್ 30ರ ಸಂಜೆಯೊಳಗೆ ಬಿಲ್ಲುಗಳನ್ನೆಲ್ಲ ಮುಗಿಸಿಕೊಟ್ಟರೆ ಅದನ್ನು ಮೊದಲೇ ಸಲ್ಲಿಸಬಹುದಿತ್ತು, ಜುಲೈ 3ರಂದು ಸಲ್ಲಿಸಿದೆವು. ಆದರೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ ಬೇಕಾದ ಹೂಡುವಳಿ ತೆರಿಗೆಯ (ನಾವು ಕೊಂಡದ್ದರ ಮೇಲೆ ಆಗಲೇ ಕೊಟ್ಟ ಜಿಎಸ್‌ಟಿಯ) ಪಟ್ಟಿ 14ರ ಹೊತ್ತಿಗೆ ಸಿದ್ಧವಾಗುವುದರಿಂದ ಅದನ್ನು ಮುಂಚಿತವಾಗಿ ಮುಗಿಸಲು ದಾರಿಯಿರಲಿಲ್ಲ. ಕರ್ನಾಟಕದವರಿಗೆ ಅದರ ಗಡುವು 22. ಅದನ್ನು ಒಡತಿಗೆ ಹೊರಡುವ ಮೊದಲೇ ಹೇಳಿ, ಅವರ ಮನಸ್ಸಿನಿಂದ ತೆಗೆಸಿದೆ.

ಒಂದು ಬುಧವಾರದ ತಾಲೀಮು

ಜೂನ್ 18ರ ಬುಧವಾರ ಒಡತಿ ಬೇಕೆಂದೇ ಕೆಲಸಕ್ಕೆ ಬರಲಿಲ್ಲ. ಫೋನನ್ನು ಮನೆಯ ಬೀರುವಿನಲ್ಲಿಟ್ಟು, ಸಂಜೆ ಆರರವರೆಗೆ ಮುಟ್ಟುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟರಂತೆ. ಸ್ಟುಡಿಯೋದಲ್ಲಿ ಸಹಾಯಕಿ ಒಂದು ಹಾಳೆಯ ಮೇಲೆ, ಎಲ್ಲೆಲ್ಲಿ ಕೆಲಸ ನಿಂತಿತೋ ಅದನ್ನು ಗಂಟೆ ಸಮೇತ ಬರೆಯುತ್ತಾ ಹೋದರು. ಹತ್ತೂವರೆಗೆ ಮೊದಲ ತಡೆ: ಜಾಲತಾಣಗಳನ್ನು ಇಟ್ಟಿರುವ ಹೋಸ್ಟಿಂಗ್ ಖಾತೆಗೆ ಒಳಹೋಗಲು ಒಟಿಪಿ, ಅದು ಹೋಗುವುದು ಒಡತಿಯ ಫೋನಿಗೆ. ಹನ್ನೆರಡಕ್ಕೆ ಎರಡನೆಯದು: ಪ್ರೆಸ್ಸಿಗೆ ಹಣ ಕಳಿಸಲು ಬ್ಯಾಂಕಿನ ಒಟಿಪಿ. ಮಧ್ಯಾಹ್ನ ಮೂರಕ್ಕೆ ಮೂರನೆಯದು: ಸಹಿಯಾದ ಪ್ರೂಫುಗಳಿರುವ ಕಪಾಟಿನ ಬೀಗದ ಕೈ ಒಡತಿಯ ಕೈಚೀಲದಲ್ಲಿ. ತಿಂಗಳುಗಟ್ಟಲೆ ಚರ್ಚಿಸಿದರೂ ನಮ್ಮ ಯಾರ ತಲೆಗೂ ಈ ಮೂರೂ ಹೊಳೆದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಅತಿ ಅಗ್ಗದ ಮತ್ತು ಅತಿ ಉಪಯುಕ್ತ ಹೆಜ್ಜೆ ಈ ತಾಲೀಮೇ.

ಒಟಿಪಿಗಾಗಿ ಸ್ಟುಡಿಯೋ ಹೆಸರಿನಲ್ಲೇ ಒಂದು ಸಿಮ್ ತೆಗೆದುಕೊಂಡು, ಹೋಸ್ಟಿಂಗ್ ಮತ್ತು ಇಮೇಲ್ ಖಾತೆಗಳನ್ನು ಅದಕ್ಕೆ ವರ್ಗಾಯಿಸಿದರು. ಬ್ಯಾಂಕಿನದನ್ನು ಮುಟ್ಟಲಿಲ್ಲ, ಬದಲಿಗೆ ಪ್ರೆಸ್ಸಿಗೆ ಕೊಡಬೇಕಾದದ್ದನ್ನು ಜುಲೈ 4ರೊಳಗೆ ಚುಕ್ತಾ ಮಾಡಿದರು. ಬೀಗದ ಕೈಗೆ ನಕಲು ಮಾಡಿಸಿದರು.

ತುರ್ತಿಗೆ ಯಾರು

ಮೂವರೂ ಒಟ್ಟಿಗೆ ರಜೆ ಹೋಗುವುದೆಂದ ಮೇಲೆ ಹೊರಗಿನ ಒಬ್ಬರು ಬೇಕಿತ್ತು. ಮಂಡ್ಯದಲ್ಲಿ ಒಬ್ಬರೇ ಕೂತು ಇದೇ ಕೆಲಸ ಮಾಡುವ ಪರಿಚಯದ ವಿನ್ಯಾಸಕರನ್ನು ಕೇಳಿದಾಗ “ನೀವು ಆರಾಮಾಗಿ ಹೋಗ್ಬನ್ನಿ ಅಕ್ಕ, ಫೈಲ್ ಕಳ್ಸೋದ್ ತಾನೆ” ಎಂದರು. ಆದರೂ ಒಡತಿ ಷರತ್ತುಗಳನ್ನು ಬರೆದೇ ಕೊಟ್ಟರು: ಸಹಿಯಾದ ಕಡತವನ್ನು ಪ್ರೆಸ್ಸಿಗೆ ಮತ್ತೆ ಕಳಿಸಬಹುದು, ಅಚ್ಚಿನ ಹಂತದಲ್ಲಿ ಕಂಡ ವಾಸ್ತವದ ತಪ್ಪನ್ನು ತಿದ್ದಬಹುದು, ನಿಂತುಹೋದ ಜಾಲತಾಣದ ಬಗ್ಗೆ ಹೋಸ್ಟಿಂಗ್‌ನವರೊಡನೆ ಮಾತನಾಡಬಹುದು, ಹೊಸ ಕೆಲಸ ಒಪ್ಪಿಕೊಳ್ಳುವುದು, ದರ ಹೇಳುವುದು, ವಿನ್ಯಾಸ ಬದಲಾಯಿಸುವುದು ಇಲ್ಲ. ಅವರ ದಿನಗಳಿಗೆ ಹಣ ಗೊತ್ತುಮಾಡಲು ಹೋದಾಗ ಅವರು ಒಪ್ಪಲಿಲ್ಲ. ಮಾಲೆ ಹಾಕಿ ಶಬರಿಮಲೆಗೆ ಹೋಗುವ ದಿನಗಳಲ್ಲಿ ತಮ್ಮ ಗಿರಾಕಿಗಳನ್ನು ಇವರು ನೋಡಿಕೊಂಡರೆ ಸಾಕು ಎಂದರು. ಇಂತಹ ಮುಯ್ಯಿ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ನನಗಿನ್ನೂ ತಿಳಿದಿಲ್ಲ.

ಅವರ ನಂಬರನ್ನು ಇಮೇಲಿನ ತಾನೇ ಹೋಗುವ ಉತ್ತರದಲ್ಲೂ, ವಾಟ್ಸ್‌ಆ್ಯಪ್ ಬಿಸಿನೆಸ್‌ನ ಅವೇ ಮೆಸೇಜ್‌ನಲ್ಲೂ (ನಾವಿಲ್ಲದಾಗ ತಾನೇ ಹೋಗುವ ಸಂದೇಶ) ಹಾಕಿದರು.

ಆ ಒಂಬತ್ತು ದಿನ

ಜುಲೈ 9ರಂದು ಮಂಡ್ಯ ಹತ್ತಿರದ ಆಲೆಮನೆಯೊಂದರ ಬೆಲ್ಲದ ಪುಡಿಯ ಲೇಬಲ್ ಪ್ರೆಸ್ಸಿನಲ್ಲಿತ್ತು. ಆಲೆಮನೆಯವರ ಮಗ ಮೊದಲ ಹಾಳೆಯನ್ನು ನೋಡಲು ಬಂದವನು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯ ಮೇಲೆ ಬೆರಳಿಟ್ಟು ಎಣಿಸಿದ. ಅದು 14 ಅಂಕಿಗಳಿರಬೇಕು, ಲೇಬಲ್ಲಿನಲ್ಲಿ 13 ಇತ್ತು. ನಡುವಿನ ಒಂದು ಸೊನ್ನೆ ಬಿಟ್ಟುಹೋಗಿತ್ತು. ಪ್ರೆಸ್ಸಿನವರು ಯಂತ್ರ ನಿಲ್ಲಿಸಿ ಮಂಡ್ಯದ ವಿನ್ಯಾಸಕರಿಗೆ ಫೋನು ಮಾಡಿದರು. ಅವರು ಫೋಲ್ಡರು ತೆರೆದು, ಅಲ್ಲಿದ್ದ ಪರವಾನಗಿ ಪತ್ರದ ಫೋಟೋ ನೋಡಿ, ಮೂಲ ಕಡತದಲ್ಲಿ ಅಂಕಿ ಸೇರಿಸಿ, ಮತ್ತೆ ಕರ್ವ್ಸ್ ಮಾಡಿ, ಆಲೆಮನೆಯವರಿಂದ ಸಹಿ ಪಡೆದು ಅದೇ ಮಧ್ಯಾಹ್ನ ಕಳಿಸಿದರು. ಒಂದು ಸೆಟ್ ಪ್ಲೇಟಿನ ಖರ್ಚು ಹೋಯಿತು. ಒಡತಿಗೆ ಈ ವಿಷಯ ತಿಳಿದದ್ದು ಅವರು ಮೈಸೂರಿಗೆ ಬಂದ ಮೇಲೆ.

ತಪ್ಪು ಬಂದದ್ದು ಎಲ್ಲಿಂದ ಎಂದು ಆಮೇಲೆ ಹುಡುಕಿದಾಗ, ಗಿರಾಕಿಯೇ ವಾಟ್ಸ್‌ಆ್ಯಪ್‌ನಲ್ಲಿ ಸಂಖ್ಯೆಯನ್ನು ತಪ್ಪಾಗಿ ಟೈಪ್ ಮಾಡಿ ಕಳಿಸಿದ್ದು ಕಂಡಿತು. ಆದರೆ ಪರವಾನಗಿ ಪತ್ರದ ಫೋಟೋ ನಮ್ಮ ಫೋಲ್ಡರಿನಲ್ಲೇ ಇತ್ತು, ಹೋಲಿಸಿ ನೋಡಿದವರು ಯಾರೂ ಇಲ್ಲ. ಪ್ಲೇಟಿನ ಖರ್ಚನ್ನು ಸ್ಟುಡಿಯೋ ತಾನೇ ಹೊತ್ತುಕೊಂಡಿತು. ಲೇಬಲ್ಲಿಗೆ ಹೋಗುವ ಯಾವ ಸಂಖ್ಯೆಯನ್ನೂ ಟೈಪ್ ಮಾಡಿದ ಸಂದೇಶದಿಂದ ತೆಗೆದುಕೊಳ್ಳಬಾರದು, ದಾಖಲೆ ನೋಡಿಯೇ ಹಾಕಬೇಕು ಎಂಬ ಸಾಲು ಈಗ ಪಟ್ಟಿಯಲ್ಲಿ ಸೇರಿದೆ.

ಇನ್ನೊಂದು ಎಡವಟ್ಟಿಗೆ ಹೊಣೆ ನಾನೇ. ಹೊಸ ಸಿಮ್ ಹಾಕಿದ ಫೋನನ್ನು ಸ್ಟುಡಿಯೋದ ಮೇಜಿನ ಮೇಲೆ, ಚಾರ್ಜರಿಗೆ ಸಿಕ್ಕಿಸಿ, ಅಲ್ಲಿನ ವೈಫೈಗೆ ಸೇರಿಸಿ ಇಟ್ಟಿದ್ದರು. ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರು ಹೋಗುತ್ತವೆಂದು ‘ಹೊರಡುವಾಗ ಮೈನ್ ಆರಿಸಿ’ ಎಂದು ಪಟ್ಟಿಯಲ್ಲಿ ಬರೆಸಿದವನು ನಾನು. ಹುಡುಗ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದ. ಮೈನ್ ಆರಿದೊಡನೆ ವೈಫೈ ಹೋಯಿತು, ಎರಡು ದಿನಕ್ಕೆ ಫೋನಿನ ಬ್ಯಾಟರಿಯೂ ಹೋಯಿತು. ಫೋನಿಗೆ ಇಂಟರ್ನೆಟ್ ಸಂಪರ್ಕ ಇದ್ದಾಗ ಮಾತ್ರ ಅವೇ ಮೆಸೇಜ್ ಹೊರಡುತ್ತದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಇಮೇಲಿನ ಉತ್ತರಗಳೇನೋ ಸರಿಯಾಗಿ ಹೋಗುತ್ತಿದ್ದವು, ಆದರೆ ನಮ್ಮ ಗಿರಾಕಿಗಳಲ್ಲಿ ಇಮೇಲು ಬರೆಯುವವರು ಎಷ್ಟು ಜನ? ಹಳೆಯ ಗಿರಾಕಿಯಾದ ಕ್ಲಿನಿಕ್ ಒಂದರವರು ಹೊಸ ವೈದ್ಯರ ಫಲಕಕ್ಕಾಗಿ ನಾಲ್ಕು ಸಂದೇಶ ಕಳಿಸಿ, ಒಂದಕ್ಕೂ ಉತ್ತರ ಬಾರದೆ, ಕೆಲಸವನ್ನು ಬೇರೆ ಕಡೆ ಮಾಡಿಸಿಕೊಂಡರು. ಮೇ ತಿಂಗಳ ಸಂದೇಶ ಅವರಿಗೂ ಹೋಗಿತ್ತು. ಆದರೆ ಏಳು ವಾರದ ಹಿಂದಿನ ಸಂದೇಶವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ರಜೆಗೆ ಮೂರು ದಿನ ಮೊದಲು ಇನ್ನೊಮ್ಮೆ ಹೇಳಬೇಕಿತ್ತು. ಆ ಗಿರಾಕಿ ಇನ್ನೂ ಪೂರ್ತಿ ಮರಳಿಲ್ಲ.

ಒಡತಿಯ ವಿಷಯಕ್ಕೆ ಬಂದರೆ, ಮೊದಲ ಎರಡು ದಿನ ಅವರ ಕೈ ಸುಮ್ಮನಿರಲಿಲ್ಲವಂತೆ. ಮೂರನೆಯ ದಿನ ದಿಬ್ಬ ಹತ್ತಿ ಮಂಡ್ಯದವರಿಗೆ ಫೋನು ಮಾಡಿ ‘ಏನಾದರೂ ಇದೆಯಾ’ ಎಂದು ಕೇಳಿದ್ದಾರೆ. “ಏನೂ ಇಲ್ಲ ಅಕ್ಕ, ಇಳ್ದು ಹೋಗಿ” ಎಂದು ಅವರು ಫೋನಿಟ್ಟರಂತೆ. ಆಮೇಲೆ ಹತ್ತಲಿಲ್ಲ. ಮಳೆ ಹಿಡಿದುಕೊಂಡಿತ್ತು, ತಾಯಿಯೊಡನೆ ಕೂತು ಹಪ್ಪಳದ ಹಲಸಿನ ತೊಳೆ ಬಿಡಿಸಿದ್ದನ್ನು, ಮಧ್ಯಾಹ್ನ ನಿದ್ದೆ ಮಾಡಿದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಮಾಡಲಿಲ್ಲ ಎಂದರು.

ಮರಳಿದ ಮೇಲೆ

ಜುಲೈ 14ರ ಸೋಮವಾರ ಮೂವರೂ ಬಂದರು, ಆದರೆ ಗಿರಾಕಿಗಳಿಗೆ ಬಾಗಿಲು ತೆರೆದದ್ದು 15ಕ್ಕೆ. ಆ ಒಂದು ದಿನ ಇಮೇಲುಗಳನ್ನು ಓದಿ, ಬಂದ ಹಣ ತಾಳೆ ನೋಡಿ, ಯಾರಿಗೆ ಮೊದಲು ಉತ್ತರಿಸಬೇಕೆಂದು ಗೊತ್ತುಮಾಡಿಕೊಳ್ಳುವುದಕ್ಕೇ ಮೀಸಲಾಯಿತು. ಆ ದಿನವನ್ನು ಹೊರಗೆ ಹೇಳದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಜನ ನಿಲ್ಲುತ್ತಿದ್ದರು. ಜಿಎಸ್‌ಟಿಆರ್-3ಬಿ 17ರಂದು ಸಲ್ಲಿಕೆಯಾಯಿತು. ಫೋನು ಇಡುವ ಮೇಜಿನ ಸಾಕೆಟ್ಟನ್ನೂ ವೈಫೈಯನ್ನೂ ಬೇರೆ ಲೈನಿಗೆ ಹಾಕಿಸಿ, ಉಳಿದ ಮೈನ್ ಆರಿಸಿದರೂ ಅವು ಉಳಿಯುವಂತೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದರು.

ಅದೇ ವಾರ ಹುಡುಗ ತನ್ನದೊಂದು ಬೇಡಿಕೆ ಮುಂದಿಟ್ಟ. ಮುಂದಿನ ವೈರಮುಡಿ ಉತ್ಸವಕ್ಕೆ ಮೇಲುಕೋಟೆಯಲ್ಲಿ ಮನೆತುಂಬ ನೆಂಟರು, ತನಗೆ ಒಂದು ವಾರ ಬೇಕು, ತನ್ನ ಕೆಲಸಗಳಿಗೂ ಇದೇ ರೀತಿ ಫೋಲ್ಡರು ಮಾಡಿಟ್ಟು ಹೋಗುತ್ತೇನೆ ಎಂದ. ವೈರಮುಡಿ ಎಂದರೆ ಮಾರ್ಚ್ ಕೊನೆಯ ಆಸುಪಾಸು, ಅಂದರೆ ಆರ್ಥಿಕ ವರ್ಷ ಮುಗಿಯುವ ವಾರ. ನಾನು ಬಾಯಿ ತೆರೆಯುವುದರೊಳಗೆ ಒಡತಿ ಗೋಡೆಯ ಮೇಲಿನ ಹಲಗೆಯಲ್ಲಿ ಅವನ ಹೆಸರು ಬರೆದು, ಅದರ ಮುಂದೆ ತಾಲೀಮಿನ ಬುಧವಾರಕ್ಕೆ ಒಂದು ಜಾಗ ಬಿಟ್ಟರು.